ಪುಣೆಯ ಕನ್ನಡಿಗರ ಸೂಟಿಯ ದಿನ

ಪುಣೆ ಪಟ್ಟಣದಲ್ಲಿ ವಾರದ ಏಳು ದಿನಗಳಿಗೂ ಒಂದೊಂದು ಪೇಟೆಯುಂಟು. ಸೋಮವಾರ ಪೇಟೆಯಿಂದ ಹೊರಟು ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ ಪೇಟೆಗಳನ್ನು ಸುತ್ತಿ ರವಿವಾರ ಪೇಟೆಗೆ ಬಂದು ನಿಂತರೆ ಕಾಲ್ನಡಿಗೆಯಲ್ಲೇ ಒಂದು ವಾರ ಕಳೆದಂತಾಯಿತು. ಒಂದನೆಯ ಬಾಜೀರಾಯ ಪೇಶವೆ 1730ರ ಜನವರಿ 10ರಂದು ತನ್ನ ವಾಡೆಗೆ ಅಡಿಗಲ್ಲು ಇಟ್ಟದ್ದು ಶನಿವಾರ. ಅದಕ್ಕೆ ಶನಿವಾರವಾಡಾ ಎಂಬ ಹೆಸರೇ ಶಾಶ್ವತವಾಗಿ ನಿಂತಿತು. ವಾರಗಳ ಹೆಸರನ್ನು ಇಷ್ಟು ಪ್ರೀತಿಯಿಂದ ಹೊತ್ತ ಊರು ಬೇರೊಂದಿದೆಯೋ ಇಲ್ಲವೋ ಕಾಣೆವು. ಆದರೆ ವಾರಕ್ಕೊಮ್ಮೆ ಎಲ್ಲರಿಗೂ ಬಿಡುವು ಎಂಬ ಪದ್ಧತಿ ಆ ಪೇಟೆಗಳು ಎದ್ದ ಕಾಲಕ್ಕೆ ಇರಲಿಲ್ಲ. ಇಂದಿಗೂ ರವಿವಾರ ಪೇಟೆಯಲ್ಲಿ ರವಿವಾರ ಕಾಲಿಡಲು ಜಾಗ ಸಿಕ್ಕುವುದು ಕಷ್ಟ.

ನಾವು ಪುಣೆಯ ಕನ್ನಡಿಗರು ಈ ಊರಿಗೆ ಬಂದದ್ದು ದುಡಿಯುವುದಕ್ಕೆ. ಆರು ದಿನ ದುಡಿಮೆ, ಏಳನೆಯ ದಿನ ಮನೆಮಂದಿ, ಗೆಳೆಯರು, ಗೆಳೆಯರ ಮನೆಮಂದಿ. ಕನ್ನಡವನ್ನು ಮನಸಾರೆ ಆಡುವುದು ಆ ಒಂದು ದಿನ. ಹೀಗಿರುವಲ್ಲಿ ನಮ್ಮ ಊರಿನ ಇತಿಹಾಸವನ್ನು ಬರೆಯುವವರು ಪೇಶವೆಯರನ್ನೂ ಪಾನಿಪತ್ತನ್ನೂ ಬಿಟ್ಟು ಒಂದು ಸಲವಾದರೂ ಈ ಸೂಟಿಯ ದಿನದ ಇತಿಹಾಸವನ್ನು ಬರೆಯಬೇಡವೇ? ಅದು ಎಲ್ಲಿಂದ ಬಂತು, ಯಾರು ತಂದರು, ಅದನ್ನು ನಮ್ಮ ಹಿರಿಯರು ಹೇಗೆ ಕಳೆದರು, ಇಂದು ಅದು ಯಾರಿಗುಂಟು ಯಾರಿಗಿಲ್ಲ ಎಂಬುದನ್ನು ತಿಳಿದಷ್ಟು ಇಲ್ಲಿ ಹೇಳುತ್ತೇವೆ.

ಮೊದಲು ಹೆಸರಿನ ಮಾತು. ಸಂಘದ ಕೂಟದಲ್ಲಿ ಒಬ್ಬರು ಆ ದಿನವನ್ನು ಏನೆಂದು ಕರೆಯುತ್ತಾರೆ ಎಂಬುದರಿಂದಲೇ ಅವರ ಸೀಮೆಯನ್ನು ಹೇಳಿಬಿಡಬಹುದು. ಭಾನುವಾರ ಎಂದವರು ಮೈಸೂರಿನ ಕಡೆಯವರು. ರವಿವಾರ ಎಂದವರು ಧಾರವಾಡ, ಬೆಳಗಾವಿಯವರು. ಆದಿತ್ಯವಾರ ಎಂದವರು ಕರಾವಳಿಯವರು. ಐತವಾರ ಎಂದವರು ಹಳ್ಳಿಯ ನಾಲಗೆಯನ್ನು ಇನ್ನೂ ಉಳಿಸಿಕೊಂಡ ಪುಣ್ಯವಂತರು. ಬಿಡುವಿಗೂ ಹಾಗೆಯೇ ಎರಡು ಹೆಸರು. ಧಾರವಾಡದ ಕಡೆ ಸೂಟಿ ಎನ್ನುತ್ತೇವೆ. ಅದು ಮರಾಠಿಯ ಸುಟ್ಟಿ, ಬಿಡುಗಡೆ ಎಂಬ ಅರ್ಥದ ಮಾತಿನಿಂದ ಬಂದದ್ದು. ಮೈಸೂರಿನ ಕಡೆ ರಜಾ ಎನ್ನುತ್ತಾರೆ. ಅದು ಅರಬಿಯಲ್ಲಿ ಹುಟ್ಟಿ ಪಾರಸಿಯ ದಾರಿಯಿಂದ ನಮ್ಮ ಕಡೆಗೆ ಬಂದದ್ದು, ಮೂಲದಲ್ಲಿ ಅನುಮತಿ, ಒಪ್ಪಿಗೆ ಎಂದು ಅರ್ಥ. ಒಬ್ಬರಿಗೆ ಬಿಡುಗಡೆ, ಇನ್ನೊಬ್ಬರಿಗೆ ಅಪ್ಪಣೆ! ಈ ಎರಡು ಅರ್ಥಗಳ ನಡುವಣ ಜಗ್ಗಾಟವೇ ಸೂಟಿಯ ಇತಿಹಾಸವೆಂದರೂ ಸಲ್ಲುತ್ತದೆ.

ನಮ್ಮ ಹಳ್ಳಿಗಳಲ್ಲಿ ಬಿಡುವು ಮೊದಲು ದೊರೆತದ್ದು ಮನುಷ್ಯರಿಗಲ್ಲ, ಎತ್ತುಗಳಿಗೆ. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ಹೂಡಬಾರದೆಂಬ ಕಟ್ಟಳೆಯನ್ನು ಉತ್ತರ ಕರ್ನಾಟಕದ ಒಕ್ಕಲು ಮನೆತನಗಳು ತಲೆಮಾರುಗಳಿಂದ ಪಾಲಿಸುತ್ತ ಬಂದಿವೆ. ಎತ್ತು ನಿಂತರೆ ಆಳೂ ಅಷ್ಟರಮಟ್ಟಿಗೆ ನಿಂತಂತೆ. ಇನ್ನುಳಿದದ್ದು ಹಬ್ಬ, ಜಾತ್ರೆ, ಅಮಾವಾಸ್ಯೆ, ಸಂತೆ. ಗಡಿಯಾರ ನೋಡಿ ದುಡಿಯದ ಬದುಕಿಗೆ ಇವು ಸಾಕಾಗಿದ್ದವು. ಗಡಿಯಾರ ಬಂದದ್ದು ಗಿರಣಿಯೊಡನೆ. ಮುಂಬಯಿಯ ನೂಲಿನ ಗಿರಣಿಗಳಲ್ಲಿ ಬೆಳಗು ಮೂಡಿದೊಡನೆ ಶುರುವಾದ ಕೆಲಸ ಕತ್ತಲಾಗುವವರೆಗೆ ನಡೆಯುತ್ತಿತ್ತು. ವಾರದ ಬಿಡುವೆಂಬುದು ಮಾಲೀಕನ ಮರ್ಜಿ. ಸರಕಾರಿ ಕಚೇರಿಗಳಿಗೆ ರವಿವಾರದ ಬಿಡುವು ಇತ್ತು; ಆದರೆ ಅದು ಆಳುವವರ ಚರ್ಚಿನ ದಿನವೆಂದು ಇದ್ದದ್ದು. 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯೂ ಸಾರ್ವಜನಿಕ ರಜೆಗಳೊಳಗೆ ರವಿವಾರವನ್ನು ಸೇರಿಸಿತು. ಬ್ಯಾಂಕಿನ ನೌಕರರಾದ ನಮಗೆ ಆ ಕಾಯಿದೆಯ ಇಪ್ಪತ್ತೈದನೆಯ ಕಲಮಿನ ಮೇಲೆ ಇರುವಷ್ಟು ಭಕ್ತಿ ಬೇರೆ ಯಾವ ಕಲಮಿನ ಮೇಲೂ ಇಲ್ಲ. ಆದರೂ ಅದು ಹುಂಡಿಗೆ, ಚೆಕ್ಕಿಗೆ ಹೇಳಿದ ಮಾತು, ಕೂಲಿಯವನಿಗೆ ಹೇಳಿದ್ದಲ್ಲ.

ಕೂಲಿಯವನಿಗೆ ಆ ದಿನವನ್ನು ತಂದುಕೊಟ್ಟವರು ನಾರಾಯಣ ಮೇಘಾಜಿ ಲೋಖಂಡೆಯವರು. 1848ರಲ್ಲಿ ಠಾಣೆಯಲ್ಲಿ ಹುಟ್ಟಿದ ಇವರ ಮನೆತನದ ಊರು ನಮ್ಮ ಪುಣೆ ಜಿಲ್ಲೆಯ ಕನ್ಹೇರಸರ. ಇವರೂ ಮೊದಲಿಗೆ ನಮ್ಮಂತೆಯೇ ಕಾರಕೂನಿಕೆಯವರು. ರೇಲ್ವೆಯಲ್ಲಿ, ಅಂಚೆಯಲ್ಲಿ, ಆಮೇಲೆ ಒಂದು ಗಿರಣಿಯ ಉಗ್ರಾಣದ ಲೆಕ್ಕದಲ್ಲಿ ಕೆಲಸ ಮಾಡಿದವರು. ಜೋತಿರಾವ ಫುಲೆಯವರು 1873ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜದ ವಿಚಾರಗಳು ಇವರ ಮನಸ್ಸನ್ನು ಹಿಡಿದವು. ಪುಣೆಯಲ್ಲಿ 1877ರಲ್ಲಿ ಹುಟ್ಟಿ ನಿಂತುಹೋಗಿದ್ದ 'ದೀನಬಂಧು' ಪತ್ರಿಕೆಯನ್ನು ಮುಂಬಯಿಯಿಂದ ನಡೆಸಿದರು. 1884ರಲ್ಲಿ ಕಾರಖಾನೆ ಆಯೋಗದ ಮುಂದೆ ಐದೂವರೆ ಸಾವಿರ ಕೆಲಸಗಾರರ ಸಹಿಯುಳ್ಳ ಅರ್ಜಿಯನ್ನು ಇಟ್ಟರು. ಅದರ ಮೊದಲ ಬೇಡಿಕೆ ವಾರಕ್ಕೊಂದು ದಿನದ ಪೂರ್ಣ ಬಿಡುವು. ಆರು ವರುಷ ಅಲೆದಾಟ. 1890ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರ ಗಿರಣಿ ಕೆಲಸಗಾರರ ಸಭೆ ಸೇರಿತು. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳೂ ಎದ್ದುನಿಂತು ಮಾತನಾಡಿದರಂತೆ. ಅದೇ ಜೂನ್ 10ರಂದು ಗಿರಣಿ ಮಾಲೀಕರ ಸಂಘ ರವಿವಾರದ ಬಿಡುವಿಗೆ ಒಪ್ಪಿತು. ಮರುವರುಷ, 1891ರ ಕಾರಖಾನೆ ಕಾಯಿದೆಯಲ್ಲಿ ವಾರದ ಬಿಡುವು ಕಾನೂನಿನ ಮಾತಾಯಿತು. ಲೋಖಂಡೆಯವರು 1897ರಲ್ಲಿ ಪ್ಲೇಗಿನ ಹಾವಳಿಯಲ್ಲಿ ತೀರಿಹೋದರು. 2005ರಲ್ಲಿ ಅವರ ಹೆಸರಿನ ಅಂಚೆ ಚೀಟಿ ಹೊರಟಿತು. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಅಡ್ಡಾಗುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

ಲೋಖಂಡೆಯವರ ವಾದಗಳಲ್ಲಿ ಒಂದು ನಮ್ಮ ಗಮನಕ್ಕೆ ವಿಶೇಷವಾಗಿ ಬಂತು. ರವಿವಾರವೇ ಏಕೆ ಎಂದು ಕೇಳಿದವರಿಗೆ ಅವರು, ಅದು ನಮ್ಮ ಖಂಡೋಬನ ವಾರ, ಕೆಲಸಗಾರರ ಮನೆದೇವರ ವಾರ ಎಂದು ಹೇಳುತ್ತಿದ್ದರೆಂದು ತಿಳಿದುಬರುತ್ತದೆ. ಖಂಡೋಬನ ಜೇಜೂರಿ ಪುಣೆಯಿಂದ ಹೆಚ್ಚುಕಡಿಮೆ ಐವತ್ತು ಕಿಲೋಮೀಟರು. ರವಿವಾರದ ಬೆಳಿಗ್ಗೆ ಎರಡು ಮೂರು ಸಂಸಾರ ಕೂಡಿ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮರಳಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಮೆಟ್ಟಿಲು ಹತ್ತುವಾಗ ಭಂಡಾರ ಎರಚಿ, ಮೈಕೈಯೆಲ್ಲ ಅರಿಶಿನವಾಗಿ, ಜನ ಕೂಗುವ ಕೂಗು ಕೇಳಿರಿ: ಏಳ್ಕೋಟ, ಏಳ್ಕೋಟ! ಕೂಗುವ ಮರಾಠಿ ಬಂಧುಗಳನ್ನು ಇದರ ಅರ್ಥವೇನೆಂದು ಕೇಳಿದರೆ ಬಹಳ ಜನ ನಕ್ಕು ಸುಮ್ಮನಾಗುತ್ತಾರೆ. ನಮ್ಮ ಹೂವಿನಹಡಗಲಿಯ ಸೀಮೆಯ ಮೈಲಾರದಲ್ಲಿ, ರಾಣೇಬೆನ್ನೂರಿನ ಕಡೆಯ ದೇವರಗುಡ್ಡದಲ್ಲಿ ಗೊರವಯ್ಯಗಳು ಕೂಗುವ ಏಳುಕೋಟಿಯೇ ಇದು. ಖಂಡೋಬನೆಂದರೆ ನಮ್ಮ ಮೈಲಾರಲಿಂಗ. ಅವನ ಮಡದಿ ಮ್ಹಾಳಸೆ ಲಿಂಗಾಯತ ವರ್ತಕನ ಮಗಳೆಂದೂ ಇನ್ನೊಬ್ಬಳು ಬಾಣಾಯಿ ಧನಗರರ ಹೆಣ್ಣೆಂದೂ ಜೇಜೂರಿಯವರೇ ಹೇಳುತ್ತಾರೆ. ನಮ್ಮ ಕಡೆ ಗಂಗಿಮಾಳವ್ವ ಮತ್ತು ಕುರುಬರ ಮನೆಯ ಹೆಣ್ಣು. ಅಲ್ಲಿ ವಾಘ್ಯಾ, ಇಲ್ಲಿ ವಗ್ಗಯ್ಯ. ಪುಣೆಯಲ್ಲೇ ಬಾಳಿ 2016ರಲ್ಲಿ ತೀರಿಕೊಂಡ ರಾ. ಚಿಂ. ಢೇರೆಯವರಂಥ ಮರಾಠಿ ವಿದ್ವಾಂಸರು ಖಂಡೋಬ, ವಿಠ್ಠಲರ ಕನ್ನಡ ಬೇರುಗಳನ್ನು ಸಂಕೋಚವಿಲ್ಲದೆ ಎತ್ತಿ ತೋರಿಸಿದ್ದಾರೆ. ಇದರಿಂದ ದೇವರು ನಮ್ಮವನು, ನಿಮ್ಮವನಲ್ಲ ಎಂದು ವಾದಿಸಹೊರಡುವುದು ಹುಡುಗಾಟ. ಆದರೆ ಕನ್ನಡ ಬಾರದೆಂದು ನಾಚುವ ನಮ್ಮ ಮಗುವಿಗೆ ಜೇಜೂರಿಯ ಮೆಟ್ಟಿಲ ಮೇಲೆ, ನೋಡು, ಈ ಸಾವಿರ ಜನ ನಿನ್ನ ಮನೆಯ ಮಾತನ್ನೇ ಕೂಗುತ್ತಿದ್ದಾರೆ ಎಂದು ತೋರಿಸಬಹುದಲ್ಲ! ಏಳೂ ಗೊತ್ತು, ಕೋಟಿಯೂ ಗೊತ್ತು ಎಂದು ಅದು ಬೆರಳು ಮಡಚಿ ಎಣಿಸತೊಡಗುತ್ತದೆ.

ಇನ್ನು ಪುಣೆಗೆ ಮೊದಲು ಬಂದ ಕನ್ನಡಿಗರ ಮಾತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಯಲ್ಲಿದ್ದ ಕಾಲವದು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆದದ್ದು 1917ರಲ್ಲಿ. ಅದಕ್ಕೆ ಮೊದಲು ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬಯಿಗೋ ಬರಲೇಬೇಕು. 1885ರಲ್ಲಿ ತೆರೆದ ಫರ್ಗ್ಯುಸನ್ ಕಾಲೇಜಿಗೆ ಬಂದು ಓದಿದವರು ಆಲೂರ ವೆಂಕಟರಾಯರು. ತಿಳಕರ ಪುಣೆಯಲ್ಲಿ ನಾಡು, ನುಡಿ, ಇತಿಹಾಸ ಎಂಬ ಮಾತುಗಳ ಕಾವನ್ನು ಉಂಡು ಊರಿಗೆ ಮರಳಿದ ಅವರು 1905ರಲ್ಲಿ ಆನೆಗೊಂದಿ, ಹಂಪೆಗಳ ಪ್ರವಾಸ ಮಾಡಿದರು. ಕರ್ನಾಟಕವೆಂಬ ದರ್ಶನ ಅವರಿಗೆ ಆದದ್ದು ಅಲ್ಲಿ. 'ಕರ್ನಾಟಕ ಗತವೈಭವ' 1917ರಲ್ಲಿ ಹೊರಬಂತು. ತಿಳಕರ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರೂ ಅವರೇ. ಒಂದು ಪ್ರವಾಸದಿಂದ ಒಂದು ರಾಜ್ಯವೇ ಹುಟ್ಟಿದ ಉದಾಹರಣೆ ಇದು. ಬೇಂದ್ರೆಯವರೂ ಫರ್ಗ್ಯುಸನ್ನಿನಲ್ಲೇ ಓದಿ 1918ರಲ್ಲಿ ಬಿ.ಎ. ಆದರು. ಇವರೆಲ್ಲ ಒಂಟಿ ಹುಡುಗರಾಗಿ ಬಂದವರು. ಇವರ ಬಿಡುವಿಗೆ ಸಂಸಾರವಿಲ್ಲ. ಗೆಳೆಯರು, ಕಾಲೇಜಿನ ಹಿಂದಿನ ಗುಡ್ಡ, ಪರ್ವತಿಯ ಮೆಟ್ಟಿಲು, ಮುಗಿಯದ ಹರಟೆ ಇಷ್ಟೇ ಇದ್ದಿರಬೇಕೆಂದು ನಾವು ಊಹಿಸುತ್ತೇವೆ.

ಮೈಸೂರಿನ ಕಡೆಯಿಂದ ಬಂದವರಲ್ಲಿ ಮೊದಲ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಬಂದು 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರುಷ ಮುಂಬಯಿ ಸರಕಾರದ ಸೇವೆಗೆ ಸೇರಿದರು. ಒಂದು ನಿಮಿಷವನ್ನೂ ವ್ಯರ್ಥ ಮಾಡದ ಆ ಮಹನೀಯರನ್ನು ಸೂಟಿಯ ಲೇಖನದಲ್ಲಿ ಎಳೆದು ತರುವುದು ಅಪಚಾರವೆಂದು ವಾಚಕರು ಹುಬ್ಬೇರಿಸಬಹುದು. ಆದರೆ ಪುಣೆಯಲ್ಲಿ ಭಾರತೀಯರು ಸಂಜೆಯ ಹೊತ್ತು ಕೂಡಿ ಮಾತಾಡಲು, ಆಡಲು 1891ರಲ್ಲಿ ಕಟ್ಟಿದ ಡೆಕ್ಕನ್ ಕ್ಲಬ್ಬಿನ ಸ್ಥಾಪನೆಯಲ್ಲಿ ಅವರ ಕೈಯಿತ್ತು. ಅದಕ್ಕಿಂತ ದೊಡ್ಡದು ಖಡಕವಾಸ್ಲಾ. ಪುಣೆಗೆ ನೀರು ಕೊಡುವ ಆ ಕೆರೆಯಲ್ಲಿ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುವಂತೆ, ಮಟ್ಟ ಮೀರಿದಾಗ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಅವರು 1903ರಲ್ಲಿ ಕೂರಿಸಿದರು. ಮಳೆಗಾಲದ ರವಿವಾರಗಳಲ್ಲಿ ಅರ್ಧ ಪುಣೆಯೇ ಖಡಕವಾಸ್ಲಾದ ದಂಡೆಗೆ ಹೋಗಿ ಸುಟ್ಟ ಗೋವಿನಜೋಳ, ಉಳ್ಳಾಗಡ್ಡಿ ಭಜಿ ತಿನ್ನುತ್ತ ನಿಲ್ಲುತ್ತದೆ. ಅಲ್ಲಿಂದ ಮುಂದೆ ಸಿಂಹಗಡ ಹತ್ತಿ ಝುಣಕ–ಭಾಕರಿ, ಮಣ್ಣಿನ ಕುಡಿಕೆಯ ಮೊಸರು. ನಮ್ಮವರು ಆ ದಂಡೆಯ ಮೇಲೆ ನಿಂತು ಮಕ್ಕಳಿಗೆ ಕನ್ನಂಬಾಡಿಯ ಕಥೆ ಹೇಳುತ್ತಾರೆ, ಕಣ್ಣ ಮುಂದಿನ ನೀರಿನ ಕಥೆ ಹೇಳುವುದಿಲ್ಲ. ಆ ಹಳೆಯ ಕಟ್ಟೆ ಈಗಿಲ್ಲವೆಂಬುದು ಬೇರೆ ಮಾತು. 1961ರ ಜುಲೈ 12, ಬುಧವಾರ. ಮೇಲಿನ ಪಾನಶೇತ ಅಣೆ ಒಡೆದು ಬಂದ ನೀರಿಗೆ ಖಡಕವಾಸ್ಲಾದ ಕಟ್ಟೆಯೂ ಒಡೆಯಿತು. ನದೀತೀರದ ಪೇಟೆಗಳು ಮುಳುಗಿದವು. ಲೆಕ್ಕವಿಲ್ಲದಷ್ಟು ವಾಡೆಗಳು ಕುಸಿದವು. ಈಗ ನೋಡುವ ಕಟ್ಟೆ ಆಮೇಲಿನದು. ನಮ್ಮಲ್ಲಿ ಹಿರಿಯರಾದವರು ಇಂದಿಗೂ ಕಾಲವನ್ನು ಪಾನಶೇತಕ್ಕೆ ಮುಂಚೆ, ಪಾನಶೇತದ ಮೇಲೆ ಎಂದು ಎರಡು ಹೋಳು ಮಾಡಿ ಹೇಳುವುದನ್ನು ಕೇಳಿದ್ದೇವೆ.

ಒಂಟಿ ಹುಡುಗರ ಕಾಲ ಹೋಗಿ ಸಂಸಾರಗಳ ಕಾಲ ಬಂದದ್ದು ಸ್ವಾತಂತ್ರ್ಯದ ಆಚೀಚೆಗೆ. ರೇಲ್ವೆ, ಸೈನ್ಯದ ಲೆಕ್ಕಪತ್ರದ ಕಚೇರಿಗಳು, ಬ್ಯಾಂಕು, ವಿಮಾ ಕಚೇರಿ. ಆಮೇಲೆ 1954ರಲ್ಲಿ ಪಿಂಪರಿಯಲ್ಲಿ ಎದ್ದ ಹಿಂದುಸ್ತಾನ ಆಂಟಿಬಯಾಟಿಕ್ಸ್ ಮತ್ತು ಅದರ ಹಿಂದಿನಿಂದ ಸಾಲುಗಟ್ಟಿದ ಕಾರಖಾನೆಗಳು. ಬಂದವರು ಒಂದು ಖೋಲಿ, ಎರಡು ಖೋಲಿಯ ಬಿಡಾರ ಹೂಡಿದರು. ಸೂಟಿಗೆ ಊರಿಗೆ ಹೋಗೋಣವೆಂದರೆ ದಾರಿ ಸುಲಭದ್ದಲ್ಲ. ಪುಣೆಯಿಂದ ಮೀರಜಿನ ಮಾರ್ಗ 1970ರ ಸುಮಾರಿನವರೆಗೆ ಮೀಟರ್ ಗೇಜು. ಅದು ದೊಡ್ಡದಾದ ಮೇಲೂ ಮೀರಜಿನಿಂದಾಚೆಗೆ ಬಹುಕಾಲ ಸಣ್ಣ ಗಾಡಿಯೇ. ಟ್ರಂಕು, ಹಾಸಿಗೆ ಸುರುಳಿ, ಕೂಸುಗಳೊಡನೆ ಮೀರಜಿನ ಪ್ಲಾಟಫಾರ್ಮಿನಲ್ಲಿ ಗಾಡಿ ಬದಲಿಸಿದವರು ಆ ಸುಖವನ್ನು ಮರೆಯುವಂತಿಲ್ಲ. ಒಂದು ದಿನದ ಸೂಟಿಗೆ ಧಾರವಾಡ ಎಟುಕುವುದಿಲ್ಲ, ಮೈಸೂರಂತೂ ಕನಸು. ಆದ್ದರಿಂದ ಊರಿನ ಬಂಧುಗಳ ಬದಲು ಇಲ್ಲಿಯೇ ಬಂಧುಗಳನ್ನು ಮಾಡಿಕೊಳ್ಳಬೇಕಾಯಿತು. ಪಕ್ಕದ ಓಣಿಯ ಕನ್ನಡ ಸಂಸಾರದ ಯಜಮಾನರು ಮಕ್ಕಳಿಗೆ ಕಾಕಾ ಆದರು, ಅವರ ಮನೆಯವರು ಕಾಕೂ ಆದರು. ಮಂಗಳೂರಿನವರು ಬಂದರೆ ಮಾಮ, ಮೈಸೂರಿನವರು ಬಂದರೆ ದೊಡ್ಡಪ್ಪ. ಊರಲ್ಲಿ ಇದ್ದಿದ್ದರೆ ಒಬ್ಬರ ಮುಖವನ್ನೊಬ್ಬರು ನೋಡುವ ಪ್ರಸಂಗವೇ ಬಾರದಿದ್ದ ಸೀಮೆಗಳವರು ಪುಣೆಯಲ್ಲಿ ಬೀಗರಂತಾದದ್ದು ರವಿವಾರದ ದೆಸೆಯಿಂದ. 1956ರಲ್ಲಿ ನಾಡು ಒಂದಾಯಿತೆಂದು ಕಾಗದದಲ್ಲಿ ಬರೆದರು. ಸಾರಸಬಾಗಿನ ಹುಲ್ಲಿನ ಮೇಲೆ ಒಂದೇ ಜಮಖಾನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಳಿಯೋಗರೆ, ನೀರುದೋಸೆಗಳು ಕೂಡಿದಾಗ ಅದು ಬಾಯಿಗೆ ಹತ್ತಿತು.

ಅದೇ 1956ರಲ್ಲಿ ಸಾರಸಬಾಗಿನ ಪಕ್ಕದ ಪೇಶವೆ ಉದ್ಯಾನದಲ್ಲಿ 'ಫುಲರಾಣಿ' ಎಂಬ ಮಕ್ಕಳ ರೈಲು ಓಡತೊಡಗಿತು. ಅಲ್ಲಿಯ ಪ್ರಾಣಿಗಳು ಕಾತ್ರಜಕ್ಕೆ ಹೋಗಿ ವರುಷಗಳಾದವು. ಆದರೆ ಆ ರೈಲನ್ನು ಹತ್ತದೆ ಬೆಳೆದ ಪುಣೆಯ ಮಗು ಕಡಿಮೆ. ರೈಲಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಪುಣೆಯ ಹೆಮ್ಮೆಯಾದ ಡೆಕ್ಕನ್ ಕ್ವೀನ್ 1930ರ ಜೂನ್ 1ರಂದು ಹೊರಟಾಗ ವಾರಾಂತ್ಯದ ಗಾಡಿ. ಕುದುರೆ ಪಂದ್ಯಕ್ಕೆ ಬರುವ ಮುಂಬಯಿಯ ಸಾಹೇಬರ ಅನುಕೂಲವನ್ನೇ ಮುಖ್ಯವಾಗಿ ಕಂಡದ್ದು. ಒಂದನೆಯ, ಎರಡನೆಯ ತರಗತಿಗಳಲ್ಲದೆ ಬೇರಿರಲಿಲ್ಲ. ಮೂರನೆಯ ತರಗತಿಯ ಡಬ್ಬಿಯನ್ನು ಅದಕ್ಕೆ ಜೋಡಿಸಿದ್ದು 1955ರ ಜೂನಿನಲ್ಲಿ. ಸಾಮಾನ್ಯನ ರವಿವಾರಕ್ಕೂ ಸಾಹೇಬನ ರವಿವಾರಕ್ಕೂ ಇಪ್ಪತ್ತೈದು ವರುಷಗಳ ಅಂತರವಿತ್ತೆಂದು ಇದರಿಂದ ತಿಳಿಯಬಹುದು.

ಪುಣೆಯ ಕನ್ನಡಿಗರಿಗೆ ಇನ್ನೊಂದು ದೊಡ್ಡ ಸೂಟಿ ಡಿಸೆಂಬರಿನಲ್ಲಿ. ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು, 1952ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಶಿಷ್ಯರಾದ, ಗದಗಿನ ಭೀಮಸೇನ ಜೋಶಿಯವರು ಮರುವರುಷವೇ, 1953ರಲ್ಲಿ, ಗುರುವಿನ ಪುಣ್ಯಸ್ಮರಣೆಗೆ ಪುಣೆಯಲ್ಲಿ ಸಂಗೀತೋತ್ಸವವನ್ನು ಆರಂಭಿಸಿದರು. ಗುರು ಕನ್ನಡಿಗ, ಶಿಷ್ಯ ಕನ್ನಡಿಗ, ಗಂಗೂಬಾಯಿ ಹಾನಗಲ್ಲರು ಗುರುಭಗಿನಿ. ಕೇಳುವವರು ಮಾತ್ರ ಪುಣೆಯ ಮರಾಠಿ ರಸಿಕರು. ರಮಣಬಾಗ ಶಾಲೆಯ ಮೈದಾನದಲ್ಲಿ ಚಳಿಯ ರಾತ್ರಿ ಶಾಲು ಹೊದ್ದು, ಥರ್ಮಾಸಿನ ಚಹಾ ಹಂಚಿಕೊಂಡು ಬೆಳಗಿನ ಜಾವದವರೆಗೆ ಕೂತು ಕೇಳುವ ಪದ್ಧತಿ ಬಹುಕಾಲ ನಡೆಯಿತು. ಕಡೆಯ ದಿನ ಬೆಳಗಿಗೆ ಭೀಮಸೇನರು ಹಾಡಲು ಕೂರುವ ಹೊತ್ತಿಗೆ ಮಡಿಲಲ್ಲಿ ನಿದ್ದೆಹೋದ ಮಕ್ಕಳನ್ನು ತಾಯಂದಿರು ಎಬ್ಬಿಸುತ್ತಿದ್ದರಂತೆ. 2011ರ ಜನವರಿ 24ರಂದು ಅವರು ಪುಣೆಯಲ್ಲೇ ಕಣ್ಣುಮುಚ್ಚಿದರು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ ಬಂದ ಮೇಲೆ ಉತ್ಸವ ಹಗಲಿಗೆ ಸರಿದಿದೆ, ಸ್ಥಳವೂ ಬದಲಾಗಿದೆ. ನಮ್ಮ ಅಭಿಪ್ರಾಯದಲ್ಲಿ ಪುಣೆಯಲ್ಲಿ ಕನ್ನಡಿಗನಿಗೆ ಇರುವ ಗೌರವದ ಬಹುಪಾಲು ಆ ಒಂದು ಕಂಠದ ಗಳಿಕೆ. ನಾವು ಅದರ ಬಡ್ಡಿಯಲ್ಲಿ ಬದುಕುತ್ತಿದ್ದೇವೆ.

ದೂರ ಹೋಗಲಾರದವರಿಗೆ ಊರ ನಡುವೆಯೇ ಜಂಗಲೀ ಮಹಾರಾಜ ರಸ್ತೆಯಲ್ಲಿ ಪಾತಾಳೇಶ್ವರವಿದೆ. ಒಂದೇ ಬಂಡೆಯಲ್ಲಿ ಕೊರೆದ ಗುಹಾಲಯ, ಮುಂದೆ ದುಂಡನೆಯ ನಂದಿಮಂಟಪ, ಬಿಸಿಲಿನ ಹೊತ್ತಿಗೆ ತಣ್ಣನೆಯ ನೆರಳು. ಎಂಟನೆಯ ಶತಮಾನದ, ರಾಷ್ಟ್ರಕೂಟರ ಕಾಲದ ಕೆಲಸವಿದು. ಪುಣೆಯ ಹೆಸರು ಪುಣ್ಯ, ಪುಣಕ ಎಂಬ ರೂಪಗಳಲ್ಲಿ ಮೊದಲು ಕಾಣುವುದೂ ರಾಷ್ಟ್ರಕೂಟರ ತಾಮ್ರಪಟಗಳಲ್ಲೇ. ಆ ಅರಸರ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ಕಲಬುರ್ಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿದೆ. ಅಮೋಘವರ್ಷನ ಆಸ್ಥಾನದ 'ಕವಿರಾಜಮಾರ್ಗ'ವು ಕನ್ನಡನಾಡಿನ ಬಡಗ ಎಲ್ಲೆಯನ್ನು ಗೋದಾವರಿಯವರೆಗೂ ಒಯ್ದಿತು. ಇದನ್ನೆಲ್ಲ ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ಆದರೆ ಅದೇ ಕಲಬುರ್ಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಇಂದು ಪುಣೆಗೆ ಬರುವವರು ಯಾರು? ಮಳೆ ಕೈಕೊಟ್ಟ ವರುಷ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಎತ್ತರದ ಕಟ್ಟಡಗಳಿಗೆ ಇಟ್ಟಿಗೆ, ಮರಳು ಹೊರುವ ಕೂಲಿಕಾರರು. ಪಾತಾಳೇಶ್ವರದಿಂದ ಹೊರಬಂದು ಎಡಬಲ ನೋಡಿದರೆ, ರಸ್ತೆ ಅಗೆಯುವಲ್ಲಿ ಕಲಬುರ್ಗಿಯ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ಅವರಿಗೆ ರವಿವಾರವೆಂದರೆ ಸಂತೆಗೆ ಹೋಗುವ ಅರ್ಧ ದಿನ. ದಿನಗೂಲಿಯವನು ಬಿಡುವು ಮಾಡಿದರೆ ಆ ದಿನದ ಕೂಲಿ ಇಲ್ಲ. ಲೋಖಂಡೆಯವರ ರವಿವಾರ ಗಿರಣಿಯ ಬಾಗಿಲು ದಾಟಿ ಇಲ್ಲಿಯವರೆಗೆ ಬಂದೇ ಇಲ್ಲ.

ನಮ್ಮ ಹೋಟೆಲಿನವರ ಪಾಡೂ ಅದೇ. ಫರ್ಗ್ಯುಸನ್ ಕಾಲೇಜ್ ರಸ್ತೆಯ ರೂಪಾಲಿ, ವೈಶಾಲಿಗಳಿಂದ ಹೆಸರಾದ ಜಗನ್ನಾಥ ಶೆಟ್ಟರಂತೆ ದಕ್ಷಿಣ ಕನ್ನಡದಿಂದ ಬಂದು ಪುಣೆಗೆ ಇಡ್ಲಿ–ಸಾಂಬಾರದ ರುಚಿ ಹತ್ತಿಸಿದವರು ಅನೇಕರು. ನಮಗೆ ಸೂಟಿಯೆಂದರೆ ಅಲ್ಲಿ ಸಾಲು. ಒಳಗೆ ದೋಸೆ ಹುಯ್ಯುವ, ಮೇಜು ಒರೆಸುವ ಕೈಗಳಿಗೆ ವಾರದಲ್ಲೇ ಹೆಚ್ಚಿನ ದುಡಿಮೆಯ ದಿನ. ಕಾಯಿದೆ ಇಲ್ಲವೆಂದಲ್ಲ. ಅಂಗಡಿ, ಉಪಾಹಾರಗೃಹ, ನಾಟಕಗೃಹಗಳವರಿಗೆಂದು 1942ರಲ್ಲೇ ವಾರದ ರಜೆಯ ಕಾಯಿದೆಯಾಯಿತು. ಮಹಾರಾಷ್ಟ್ರದ 2017ರ ಕಾಯಿದೆ ಅಂಗಡಿಗಳು ವರುಷದ ಎಲ್ಲ ದಿನವೂ ತೆರೆದಿರಬಹುದೆಂದು ಹೇಳಿ, ಕೆಲಸಗಾರನಿಗೆ ಮಾತ್ರ ವಾರಕ್ಕೊಂದು ದಿನದ ಬಿಡುವು ಇರಲೇಬೇಕೆಂದಿತು. ಆದರೆ ಆ ದಿನ ಒಬ್ಬನಿಗೆ ಮಂಗಳವಾರ, ಇನ್ನೊಬ್ಬನಿಗೆ ಬುಧವಾರ. ಬಿಡುವು ಸಿಕ್ಕಿತು, ಜೊತೆಗೆ ಕಳೆಯಲು ಯಾರೂ ಸಿಗಲಿಲ್ಲ.

ಈ ತೊಡಕು ಈಗ ಎಲ್ಲರ ಮನೆಗೂ ಬಂದಿದೆ. ಬ್ಯಾಂಕುಗಳಲ್ಲಿ ಹಿಂದೆ ಪ್ರತಿ ಶನಿವಾರ ಅರ್ಧ ದಿನ ಕೆಲಸ. 2015ರ ಸೆಪ್ಟೆಂಬರ್ 1ರಿಂದ ಎರಡನೆಯ, ನಾಲ್ಕನೆಯ ಶನಿವಾರ ಪೂರ್ಣ ರಜೆ, ಉಳಿದ ಶನಿವಾರ ಪೂರ್ಣ ಕೆಲಸ. ಹೊಸ ಕ್ಯಾಲೆಂಡರು ಕೈಗೆ ಬಂದೊಡನೆ ನಾವು ಮೊದಲು ಹುಡುಕುವುದು ದೇವರ ಚಿತ್ರವನ್ನಲ್ಲ, ಎರಡನೆಯ ಶನಿವಾರದ ಪಕ್ಕದಲ್ಲಿ ಸೋಮವಾರಕ್ಕೆ ಏನಾದರೂ ಹಬ್ಬ ಅಂಟಿದೆಯೇ ಎಂದು. ಗಣರಾಜ್ಯೋತ್ಸವ ರವಿವಾರ ಬಂದರೆ ಕಚೇರಿಯಲ್ಲಿ ಸೂತಕದ ಕಳೆ. ಹಿಂಜವಡಿಯ ಗಣಕಯಂತ್ರದ ಕಂಪನಿಗಳಿಗೆ ಪ್ರತಿ ವಾರವೂ ಶನಿವಾರ, ರವಿವಾರ ಎರಡೂ ಬಿಡುವು. ಪಿಂಪರಿ, ಚಿಂಚವಾಡ, ಭೋಸರಿಯ ಎಷ್ಟೋ ಕಾರಖಾನೆಗಳ ವಾರದ ಸೂಟಿ ಗುರುವಾರ. ವಿದ್ಯುತ್ತಿನ ಹೊರೆಯನ್ನು ಹಂಚುವ ಸಲುವಾಗಿ ವಲಯಕ್ಕೊಂದು ವಾರ ಗೊತ್ತುಮಾಡಿದ್ದು ಹಾಗೆಯೇ ನಿಂತುಹೋಯಿತು. ಹೀಗಾಗಿ ನಿಗಡಿಯಲ್ಲಿರುವ ಕಾರಖಾನೆಯ ಕಾಕಾನ ಸೂಟಿ ಕೋಥರೂಡಿನ ಬ್ಯಾಂಕಿನ ಕಾಕಾನಿಗೆ ಕೆಲಸದ ದಿನ. ಮಕ್ಕಳ ಶಾಲೆಗೂ ಗುರುವಾರ ಬಿಡುವಿಲ್ಲ. ತಂದೆ ಮನೆಯಲ್ಲಿರುವ ದಿನ ಮಕ್ಕಳಿಲ್ಲ, ಮಕ್ಕಳಿರುವ ದಿನ ತಂದೆಯಿಲ್ಲ. ಆ ಮನೆಯಲ್ಲಿ ಕನ್ನಡ ಯಾವ ವಾರ ಆಡಬೇಕು? ಅಂಥ ಮನೆಗಳ ಮಕ್ಕಳು ತಮ್ಮತಮ್ಮಲ್ಲಿ ಮರಾಠಿಯಲ್ಲಿ, ನಮ್ಮೊಡನೆ ಹಿಂದಿಯಲ್ಲಿ ಮಾತಾಡುವುದನ್ನು ಕಂಡು ಕೂಟಗಳಲ್ಲಿ ಮುಖ ಕಿವುಚುವವರುಂಟು. ತಪ್ಪು ಮಕ್ಕಳದಲ್ಲ, ಅವರ ವಾರದಲ್ಲಿ ಕನ್ನಡಕ್ಕೆ ದಿನವೇ ಇಲ್ಲ.

ಇತ್ತ ಊರಿನ ದಾರಿ ಸಲೀಸಾಗಿದೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಹುಬ್ಬಳ್ಳಿ; 2024ರ ಸೆಪ್ಟೆಂಬರಿನಿಂದ ಪುಣೆ–ಹುಬ್ಬಳ್ಳಿ ನಡುವೆ ವಂದೇ ಭಾರತ ಗಾಡಿಯೂ ಬಂದಿದೆ. ಊರಿಗೆ ಹೋಗುವುದು ಸುಲಭವಾದಷ್ಟೂ ಪುಣೆಯ ಜಮಖಾನೆಯ ಮೇಲೆ ಜಾಗ ತೆರವಾಗುತ್ತಿದೆ. ಹಳೆಯ ಕಾಕಾ–ಕಾಕೂಗಳ ಮನೆಗೆ ಹೇಳದೆ ಕೇಳದೆ ಹೋಗಿ ಊಟಕ್ಕೆ ಕೂರುವ ಸಲಿಗೆ ಈಗಿನ ಸಂಸಾರಗಳಲ್ಲಿ ಬೆಳೆದಿಲ್ಲ. ಮೊದಲು ಫೋನು, ಆಮೇಲೆ ಹೋಟೆಲು, ಅಲ್ಲಿಂದ ಹಾಗೇ ಮನೆಗೆ.

ರಾಜ್ಯೋತ್ಸವದ ವಿಷಯಕ್ಕೆ ಬರೋಣ. ಮಹಾರಾಷ್ಟ್ರದಲ್ಲಿ ನವೆಂಬರ್ 1 ಸೂಟಿಯಲ್ಲ. ಆಗಬೇಕೆಂದು ಕೇಳುವುದೂ ಸಲ್ಲದು. ಅದಕ್ಕಾಗಿ ನಮ್ಮ ಸಂಘಗಳು ಮುಂದಿನ ರವಿವಾರಗಳಲ್ಲೊಂದನ್ನು ಹಿಡಿದು ಉತ್ಸವ ಮಾಡುತ್ತ ಬಂದಿವೆ. ಬರುವವರು ಯಾರು? ಬ್ಯಾಂಕಿನವರು, ಕಚೇರಿಯವರು, ಕಾಲೇಜಿನವರು, ಹಿಂಜವಡಿಯವರು, ರವಿವಾರ ಉಳ್ಳವರು. ಕ್ಯಾಲೆಂಡರು ನೋಡುವ ಚಾಳಿಯಿಂದ ನಾವು ಒಂದು ದಿನ ಸುಮ್ಮನೆ ಹಿಂದಿನ ವರುಷಗಳನ್ನು ಲೆಕ್ಕ ಹಾಕಿದೆವು. ನಾಡು ಒಂದಾದ 1956ರ ನವೆಂಬರ್ 1 ಗುರುವಾರ. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರ ನವೆಂಬರ್ 1, ಅದೂ ಗುರುವಾರ! ಪಿಂಪರಿ–ಭೋಸರಿಯವರ ಸೂಟಿಯ ದಿನ. ನವೆಂಬರಿನ ಒಂದು ಗುರುವಾರ ಸಂಜೆ, ಶಾಲೆ ಬಿಟ್ಟ ಮೇಲೆ, ನಿಗಡಿಯಲ್ಲೋ ಚಿಂಚವಾಡದಲ್ಲೋ ಒಂದು ಸಣ್ಣ ಸಭಾಗೃಹ ಹಿಡಿದು ನಾಲ್ಕು ಹಾಡು, ಒಂದು ಪುಟ್ಟ ನಾಟಕ, ಚಹಾ–ಅವಲಕ್ಕಿ ಇಟ್ಟುಕೊಂಡರೆ ಖರ್ಚು ಹೆಚ್ಚಾಗದು. ಲೆಕ್ಕ ಬರೆಯುವ ಕೆಲಸ ನಮಗಿರಲಿ. ಹೋಟೆಲಿನ ಹುಡುಗರಿಗೆ ಮಾತ್ರ ಯಾವ ವಾರವೂ ಹೊಂದದು. ಅವರು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ, ನೆಲ ತೊಳೆದು, ಊಟಕ್ಕೆ ಕೂರುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಆ ಹೊತ್ತಿಗೆ ನಾವೇ ಅಲ್ಲಿಗೆ ಹೋಗಬೇಕು. ಎರಡನೆಯ ಶನಿವಾರದ ಹಿಂದಿನ ರಾತ್ರಿಯಾದರೆ ಬೆಳಿಗ್ಗೆ ನಮಗೆ ಕಚೇರಿಯಿಲ್ಲ.